ಜನವರಿ ಒಂದರಂದು ಹುಟ್ಟಿದ ಅಜ್ಜಿ: ಒಂದು ಪ್ರಕರಣ ಅಧ್ಯಯನ

ಅವರನ್ನು ಇಲ್ಲಿ ಅದೆಯ್ ಅಂತ ಕರೆಯುತ್ತೇನೆ. ಪೂರ್ವ ಆಫ್ರಿಕಾದ ಎರಿಟ್ರಿಯಾದಲ್ಲಿ ಆಡುವ ತಿಗ್ರಿನ್ಯಾ ಭಾಷೆಯಲ್ಲಿ ಅದೆಯ್ ಅಂದರೆ ‘ನನ್ನ ತಾಯಿ’. ವಯಸ್ಸಾದ ಹೆಂಗಸರನ್ನು ಕಂಡರೆ ನಾವು ಅಮ್ಮ ಅನ್ನುತ್ತೇವಲ್ಲ, ಎರಿಟ್ರಿಯಾದವರೂ ಹಾಗೇ, ಪರಿಚಯ ಇಲ್ಲದವರನ್ನೂ ಅದೆಯ್ ಅನ್ನುತ್ತಾರೆ. ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ. ಈಗ ಹೆಸರು ಮರೆಸುವುದಕ್ಕೂ ಅದೇ ಅನುಕೂಲವಾಯಿತು. ಮನೆಯವರ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನಾನು ಅಮೆರಿಕದ ಸಿಯಾಟಲ್ ಭಾಗದಲ್ಲಿ, ವಲಸೆ ಬಂದ ಹಿರಿಯರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆಯಲ್ಲಿ ಕೇಸ್ ಮ್ಯಾನೇಜರ್. ಆಸ್ಪತ್ರೆ, ಸರ್ಕಾರಿ ಕಚೇರಿ, ಅವರ ಮನೆ, ಈ ಮೂರರ ನಡುವೆ ಓಡಾಡುವುದೇ ಕೆಲಸ. ಅದೆಯ್ ಅವರ ಕೇಸು ನನ್ನ ಕೈಗೆ ಬಂದದ್ದು 2018ರ ಏಪ್ರಿಲ್‌ನಲ್ಲಿ. ಫೈಲು ಮುಚ್ಚಿದ್ದು 2019ರ ಡಿಸೆಂಬರ್‌ನಲ್ಲಿ. ನಡುವೆ ನಾನು ತೆಗೆದುಕೊಂಡ ಒಂದು ತೀರ್ಮಾನದಿಂದ ಆ ಮನೆಗೆ ದುಡ್ಡಿನ ನಷ್ಟ ಆಯಿತು. ಅದನ್ನು ಬಿಟ್ಟು ಬರೆದರೆ ಈ ಬರಹ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಫೈಲಿನಲ್ಲಿ ಇದ್ದದ್ದು

ಆಸ್ಪತ್ರೆಯಿಂದ ಬಂದ ಒಂದು ಪುಟದ ಸಾರಾಂಶ ಹೀಗಿತ್ತು. 85 ವರ್ಷದ ಹೆಂಗಸು, ಹುಟ್ಟಿದ್ದು 1933ರ ಜನವರಿ 1. ಇಥಿಯೋಪಿಯಾ ಮೂಲ. ಭಾಷೆ ಅಮ್ಹಾರಿಕ್. ಮಧ್ಯಮ ಹಂತದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಒಲೆ ಹಚ್ಚಿ ಮರೆಯುತ್ತಾರೆ, ಎರಡು ಸಲ ಹೊಗೆ ಅಲಾರಂ ಹೊಡೆದಿದೆ. ಸಕ್ಕರೆ ಕಾಯಿಲೆ ಇದೆ, ಔಷಧಿ ವಿಷಯದಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಮಾರ್ಚ್‌ನಲ್ಲಿ ಸಕ್ಕರೆ ಇಳಿದು ಬಿದ್ದು ಆಸ್ಪತ್ರೆ ಸೇರಿದ್ದರು.

ಸಕ್ಕರೆ ಕಾಯಿಲೆ ಇದ್ದದ್ದು, ಬಿದ್ದದ್ದು, ಅಲಾರಂ ಹೊಡೆದದ್ದು ನಿಜ. ಮಿಕ್ಕಿದ್ದೆಲ್ಲ ತಪ್ಪು. ಅದು ಗೊತ್ತಾಗಲು ನನಗೆ ಆರು ತಿಂಗಳು ಹಿಡಿಯಿತು.

ಅದೆಯ್ ಎರಿಟ್ರಿಯಾದ ಕೆರೆನ್ ಊರಿನವರು. ರಾಜಧಾನಿ ಅಸ್ಮರಾದಿಂದ ಸುಮಾರು 90 ಕಿ.ಮೀ. ದೂರ. ಒಣಗಿದ ಹೊಳೆಯ ಪಾತ್ರದಲ್ಲಿ ಪ್ರತಿ ಸೋಮವಾರ ಒಂಟೆ, ಆಡು, ಕುರಿಗಳ ಸಂತೆ ಸೇರುವ ಊರು. ಎರಿಟ್ರಿಯಾ 1890ರಿಂದ ಇಟಲಿಯ ಕೈಯಲ್ಲಿತ್ತು, 1941ರಲ್ಲಿ ಬ್ರಿಟಿಷರ ಕೈಗೆ ಬಂತು, 1952ರಲ್ಲಿ ಅದನ್ನು ಇಥಿಯೋಪಿಯಾದ ಜೊತೆ ಒಕ್ಕೂಟವಾಗಿ ಸೇರಿಸಿದರು, 1962ರಲ್ಲಿ ಇಥಿಯೋಪಿಯಾ ಪೂರ್ತಿ ನುಂಗಿಕೊಂಡಿತು. 1961ರಲ್ಲಿ ಶುರುವಾದ ಸ್ವಾತಂತ್ರ್ಯದ ಹೋರಾಟ 1991ರವರೆಗೆ, ಮೂವತ್ತು ವರ್ಷ ನಡೆಯಿತು. ಆ ಹೋರಾಟದಲ್ಲಿ ಅದೆಯ್ ಅವರ ಗಂಡ ಹೋದರು. 1978ರಲ್ಲಿ ಇಥಿಯೋಪಿಯಾದ ಸೈನ್ಯ ಕೆರೆನ್ ಅನ್ನು ಮತ್ತೆ ಹಿಡಿದಾಗ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಸುಡಾನಿನ ಕಸಲಾಕ್ಕೆ ಬಂದರು. ಸ್ವಾತಂತ್ರ್ಯ ಸಿಕ್ಕ ಮೇಲೆ ಊರಿಗೆ ಮರಳಿದರು. 1998ರಲ್ಲಿ ಇಥಿಯೋಪಿಯಾದ ಜೊತೆ ಗಡಿ ಯುದ್ಧ ಬಂತು. ಕಾನೂನಿನಲ್ಲಿ 18 ತಿಂಗಳು ಅಂತ ಇದ್ದ ಕಡ್ಡಾಯ ಸೇವೆಗೆ ಆಮೇಲೆ ಕೊನೆಯೇ ಇಲ್ಲದ ಹಾಗಾಯಿತು. ಮಗ ತಪ್ಪಿಸಿಕೊಂಡ. ತಾಯಿ ಎರಡನೇ ಸಲ ಸುಡಾನಿಗೆ ನಡೆದರು. ಮಗ 2005ರಲ್ಲಿ ಅಮೆರಿಕ ಸೇರಿದ. ಅದೆಯ್ ನಿರಾಶ್ರಿತರಾಗಿ ಬಂದು ಅವನ ಮನೆ ಸೇರಿದ್ದು 2012ರ ಜೂನ್‌ನಲ್ಲಿ.

ಎರಡು ಕೋಣೆಯ ಅಪಾರ್ಟ್‌ಮೆಂಟ್. ಮಗನಿಗೆ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿ. ಸೊಸೆ ಬೆಳಿಗ್ಗೆ ಹೋಟೆಲಿನಲ್ಲಿ ರೂಮು ಸ್ವಚ್ಛ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಮೊಮ್ಮಕ್ಕಳು ಇಬ್ಬರು, ಇಂಗ್ಲಿಷ್ ಬಿಟ್ಟರೆ ಮತ್ತೊಂದು ಭಾಷೆ ಬಾಯಲ್ಲಿ ಬಾರದು. ದಿನದ ಹೆಚ್ಚು ಹೊತ್ತು ಆ ಮನೆಯಲ್ಲಿ ಎಚ್ಚರವಾಗಿ ಇರುತ್ತಿದ್ದದ್ದು ಅದೆಯ್ ಒಬ್ಬರೇ.

ಮೂರು ದುಭಾಷಿಗಳು

ಮೊದಲ ದಿನ ನಾನು ಫೈಲು ಹೇಳಿದ್ದನ್ನೇ ನಂಬಿ, ಅಮ್ಹಾರಿಕ್ ದುಭಾಷಿಯನ್ನು ಫೋನಿನಲ್ಲಿ ಹಿಡಿದುಕೊಂಡು ಹೋಗಿದ್ದೆ. ಆ ದನಿ ಸ್ಪೀಕರಿನಲ್ಲಿ ಬಂದ ಕೂಡಲೇ ಅದೆಯ್ ತಮ್ಮ ಬಿಳಿ ಹೊದಿಕೆಯನ್ನು, ಅದಕ್ಕೆ ನೆತ್ಸೆಲಾ ಅನ್ನುತ್ತಾರೆ, ಮುಖದ ಮೇಲೆ ಎಳೆದುಕೊಂಡು ಗೋಡೆ ಕಡೆ ತಿರುಗಿದರು. ಮೊಮ್ಮಗ ಅಲ್ಲೇ ಇದ್ದ. ‘ಅಜ್ಜಿಗೆ ಅದು ಅರ್ಥ ಆಗುತ್ತೆ, ಆದ್ರೆ ಮಾತಾಡಲ್ಲ’ ಅಂದ.

ಆ ಹುಡುಗನ ಕೈಲೇ ಕೇಳಿಸಿಬಿಡೋಣ ಅನ್ನುವ ಆಸೆ ಬಂದದ್ದು ಸುಳ್ಳಲ್ಲ. ಆದರೆ ಇಲ್ಲಿನ ಆರೋಗ್ಯ ಕಾನೂನು ಮಕ್ಕಳನ್ನು ದುಭಾಷಿ ಮಾಡಿಕೊಳ್ಳಬೇಡಿ ಅನ್ನುತ್ತದೆ. ಕಾನೂನು ಇಲ್ಲದಿದ್ದರೂ, ಹನ್ನೊಂದು ವರ್ಷದ ಮೊಮ್ಮಗನ ಮುಂದೆ ಯಾವ ಅಜ್ಜಿ ತನ್ನ ಬಚ್ಚಲಿನ ಕಷ್ಟ ಹೇಳಿಕೊಳ್ಳುತ್ತಾಳೆ?

ಎರಡನೇ ಸಲ ತಿಗ್ರಿನ್ಯಾ ಮಾತಾಡುವವರೇ ಬಂದರು. ಊರಿನಲ್ಲೇ ಇರುವವರು, ಒಳ್ಳೆಯ ಮನುಷ್ಯ, ಎದುರಿಗೇ ಕೂತರು. ಯಾವ ಪ್ರಶ್ನೆ ಕೇಳಿದರೂ ಅದೆಯ್ ಹೇಳಿದ್ದು ಒಂದೇ ಮಾತು, ತೆಮೆಸ್ಗೆನ್. ದೇವರ ದಯೆ, ಚೆನ್ನಾಗಿದ್ದೇನೆ ಅಂತ. ನೋವು ಇದೆಯಾ? ತೆಮೆಸ್ಗೆನ್. ರಾತ್ರಿ ನಿದ್ದೆ? ತೆಮೆಸ್ಗೆನ್. ಹೊರಡುವಾಗ ಮೆಟ್ಟಿಲ ಹತ್ತಿರ ಸೊಸೆ ತಗ್ಗಿದ ದನಿಯಲ್ಲಿ ಹೇಳಿದಳು: ‘ಅವರು ಆ ಕಡೆಯವರು.’ ಯಾವ ಕಡೆ? ಹೊರದೇಶದ ಎರಿಟ್ರಿಯಾದವರಲ್ಲಿ ಸರ್ಕಾರದ ಪರ ಇರುವವರು, ವಿರೋಧ ಇರುವವರು ಅಂತ ಒಡಕಿದೆ. ಹಬ್ಬ, ಚರ್ಚು, ಕೆಲವು ಕಡೆ ಅಂಗಡಿ ಕೂಡ ಬೇರೆ ಬೇರೆ. ಕಡ್ಡಾಯ ಸೇವೆಯಿಂದ ಓಡಿಬಂದ ಮಗನ ತಾಯಿ, ಊರಲ್ಲಿ ಇನ್ನೂ ನೆಂಟರು ಇರುವಾಗ, ಆ ಕಡೆಯವರ ಮುಂದೆ ಬಾಯಿ ಬಿಡುವುದು ಹೇಗೆ? ಆ ಮನುಷ್ಯ ಯಾರಿಗೂ ಏನೂ ಹೇಳುತ್ತಿರಲಿಲ್ಲ, ಅದು ನನಗೆ ಗೊತ್ತು. ಅದೆಯ್‌ಗೆ ಗೊತ್ತಿರಬೇಕಲ್ಲ!

ಮೂರನೆಯದು ಮತ್ತೆ ಫೋನು. ಈ ಸಲ ಬೇರೆ ರಾಜ್ಯದಲ್ಲಿರುವ ಹೆಂಗಸು, ತಿಗ್ರಿನ್ಯಾ, ಹೆಸರಿಲ್ಲ, ಬರೀ ಒಂದು ನಂಬರು. ‘ಇವರಿಗೆ ನಿಮ್ಮ ಹೆಸರು ಹೇಳಿಲ್ಲ, ಅವರ ಹೆಸರು ನಮಗೂ ಗೊತ್ತಿಲ್ಲ’ ಅಂತ ಮೊದಲೇ ಹೇಳಿಸಿದೆ. ಆದರೂ ಅದೆಯ್ ಸುಮ್ನೆ ನನ್ನ ತುಟಿ ನೋಡುತ್ತಾ ಕೂತಿದ್ದರು. ಆಗ ಹೊಳೆಯಿತು, ಕಿವಿ! ಮರುವಾರ ಆಫೀಸಿನಿಂದ ಒಂದು ಪಾಕೆಟ್ ಆಂಪ್ಲಿಫೈಯರ್ ತಂದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಂದು ಮೈಕು, ಒಂದು ಹೆಡ್‌ಫೋನು. ಮೈಕನ್ನು ಫೋನಿನ ಸ್ಪೀಕರಿಗೆ ಹಿಡಿದು ಹೆಡ್‌ಫೋನ್ ಅವರ ತಲೆಗೆ ಹಾಕಿದೆ. ದುಭಾಷಿ ‘ಅದೆಯ್, ಹೇಗಿದ್ದೀರಿ?’ ಅಂದರು. ಅದೆಯ್ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನಕ್ಕರು. ಆಮೇಲೆ ನನ್ನನ್ನೇ ಕೇಳಿದರು: ‘ನೀನು ಯಾರು ಗ್ವಾಲೆಯ್? ಹಿಂದಿಯಾ?’

ಗ್ವಾಲೆಯ್ ಅಂದರೆ ಮಗಳೇ. ಹಿಂದಿ ಅಂದರೆ ಇಂಡಿಯಾದವಳಾ ಅಂತ. ಹೌದು ಅಂದೆ. ಅವರ ಮುಖ ಅರಳಿತು. ಅವರು ಹುಟ್ಟಿದ ವರ್ಷ ಕೆರೆನ್‌ನಲ್ಲಿ ಯುದ್ಧ ನಡೆದಿತ್ತಂತೆ. ಊರಿನವರು ಗುಡ್ಡ ಹತ್ತಿದ್ದರಂತೆ. ಮುಗಿದ ಮೇಲೆ ಪೇಟ ಸುತ್ತಿದ ಸೈನಿಕರು ಊರಿಗೆ ಬಂದರು ಅಂತ ಅಮ್ಮ ಹೇಳುತ್ತಿದ್ದರಂತೆ. ನಾನು ಆವತ್ತು ರಾತ್ರಿ ಓದಿ ನೋಡಿದೆ. 1941ರ ಫೆಬ್ರವರಿ, ಮಾರ್ಚ್‌ನಲ್ಲಿ ಕೆರೆನ್‌ನಲ್ಲಿ ಇಟಲಿಯ ವಿರುದ್ಧ ಹೋರಾಡಿದ್ದು ಬ್ರಿಟಿಷ್ ಸೈನ್ಯದ 4 ಮತ್ತು 5ನೇ ಇಂಡಿಯನ್ ಡಿವಿಷನ್‌ಗಳು. ಅಲ್ಲಿನ ಯುದ್ಧ ಸ್ಮಶಾನದಲ್ಲಿ ನಮ್ಮ ಸೈನಿಕರ ನೆನಪಿನ ಕಲ್ಲುಗಳು ಈಗಲೂ ಇವೆ.

ಅಂದರೆ ಅದೆಯ್ ಹುಟ್ಟಿದ್ದು 1941ರಲ್ಲಿ. 1933ರಲ್ಲಿ ಅಲ್ಲ! ಉತ್ತರ ಸಿಕ್ಕಿದ್ದು ಪಂಚಾಂಗದಲ್ಲಿ. ಅಲ್ಲಿನ ಚರ್ಚಿನವರು, ಹಳಬರು ಬಳಸುವ ಗೀಝ್ ಪಂಚಾಂಗ ನಾವು ಬಳಸುವ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ ಇರುತ್ತದೆ. ಕೆರೆನ್ ಯುದ್ಧದ ವರ್ಷ ಅವರ ಲೆಕ್ಕದಲ್ಲಿ 1933. ಸುಡಾನಿನಲ್ಲಿ ಹೆಸರು ಬರೆಸುವಾಗ ಅದೆಯ್ ತಮಗೆ ಗೊತ್ತಿದ್ದ ವರ್ಷ ಹೇಳಿದರು, ಅಧಿಕಾರಿ ಅದನ್ನೇ ಬರೆದುಕೊಂಡ. ದಿನ ಗೊತ್ತಿಲ್ಲದವರಿಗೆ ಜನವರಿ 1. ನಿರಾಶ್ರಿತರ ಫೈಲುಗಳಲ್ಲಿ ಅರ್ಧ ಲೋಕವೇ ಜನವರಿ ಒಂದರಂದು ಹುಟ್ಟಿದೆ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರೆಯುತ್ತಿದ್ದರಲ್ಲ, ಅದೇ ಕಥೆ.

77 ವರ್ಷದವರನ್ನು ಆಸ್ಪತ್ರೆ 85 ಅಂತ ನೋಡಿತ್ತು. ಮಂಕಾಗಿದ್ದರೆ, ‘ಈ ವಯಸ್ಸಿಗೆ ಇಷ್ಟೇ’ ಅನ್ನುವುದು ಎಷ್ಟು ಸುಲಭ ನೋಡಿ. ಕಾಗದದಲ್ಲಿ ತಾರೀಕು ತಿದ್ದಿಸಬೇಕಾ ಅಂತ ವಲಸೆ ವಕೀಲರನ್ನು ಕೇಳಿದೆವು. ಪೌರತ್ವದ ಅರ್ಜಿಯ ಹೊತ್ತಿನಲ್ಲಿ, ಕೈಯಲ್ಲಿ ದಾಖಲೆ ಇಲ್ಲದೆ ತಾರೀಕು ಬದಲಿಸಲು ಹೋದರೆ ಇಲ್ಲದ ಅನುಮಾನ ಬರುತ್ತದೆ, ಬಿಡಿ ಅಂದರು. ಬಿಟ್ಟೆವು. ಡಾಕ್ಟರಿಗೆ ಮಾತ್ರ ನಿಜ ವಯಸ್ಸು ತಿಳಿಸಿದೆವು.

ಒಲೆ

ಒಲೆಯ ವಿಷಯ ಬೇಗ ಬಗೆಹರಿಯಿತು, ನಾಚಿಕೆ ಆಗುವಷ್ಟು ಬೇಗ. ‘ಅದೆಯ್, ಆವತ್ತು ಒಲೆ ಮೇಲೆ ಏನಿತ್ತು?’ ಅಂತ ಕೇಳಿದೆ. ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ‘ಬೂನ್’ ಅಂದರು. ಕಾಫಿ.

ಅವರ ಕಾಫಿ ಅಂದರೆ ಹಸಿ ಬೀಜದಿಂದ ಶುರು. ಸಣ್ಣ ಬಾಣಲೆಯಲ್ಲಿ ಬೀಜ ಹುರಿಯಬೇಕು, ಚೆನ್ನಾಗಿ ಹೊಗೆ ಏಳಬೇಕು, ಆ ಹೊಗೆಯನ್ನು ಕೂತವರ ಮೂಗಿನ ಹತ್ತಿರ ಹಿಡಿದು ತೋರಿಸಬೇಕು. ಆಮೇಲೆ ಕುಟ್ಟಿ, ಶುಂಠಿ ಹಾಕಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸಬೇಕು. ಮೂರು ಸುತ್ತು. ಮೊದಲನೆಯದು ಅವೆಲ್, ಎರಡನೆಯದು ಕಾಲ್ಆಯ್, ಮೂರನೆಯದು ಬೆರೆಕಾ. ಬೆರೆಕಾ ಅಂದರೆ ಆಶೀರ್ವಾದ, ಅದನ್ನು ಕುಡಿಯದೆ ಏಳಬಾರದು. ಅಪಾರ್ಟ್‌ಮೆಂಟಿನ ಅಲಾರಂಗೆ ಇದೆಲ್ಲ ಏನು ಗೊತ್ತು? ಅದು ಹೊಡೆದುಕೊಂಡಿತು. ಅಗ್ನಿಶಾಮಕದವರು ಬಂದರು. ಆ ಸದ್ದಿಗೆ ಅದೆಯ್ ಮಂಚದ ಸಂದಿಯಲ್ಲಿ ಕೂತಿದ್ದರು, ಎಬ್ಬಿಸಿದರೂ ಮಾತಾಡಲಿಲ್ಲ. ಮನೆ ಮಾಲೀಕರ ಕಡೆಯಿಂದ ಎಚ್ಚರಿಕೆ ಪತ್ರ ಬಂತು. ಮಗ ಹೆದರಿ ಡಾಕ್ಟರಿಗೆ ಹೇಳಿದ. ಫೈಲಿನಲ್ಲಿ ಅದು ‘ಒಲೆ ಹಚ್ಚಿ ಮರೆಯುತ್ತಾರೆ’ ಆಯಿತು.

ಬೀಜ ಹುರಿಯುವುದನ್ನು ಬಾಲ್ಕನಿಗೆ ಸಾಗಿಸಿದೆವು, ಅಷ್ಟೇ. ಆದರೆ ಎರಡನೇ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಮೂರು ಸುತ್ತಿನ ಕಾಫಿ ಒಬ್ಬರೇ ಕುಡಿಯುವಂಥದ್ದಲ್ಲ. ಇವರು ಯಾರಿಗಾಗಿ ಹುರಿಯುತ್ತಿದ್ದರು?

ಮೇಜಿನ ಮೇಲಿದ್ದ ಫಾರಂ

ಈ ಕೇಸಿನ ಕಷ್ಟದ ಭಾಗ ಇದು.

ನಿರಾಶ್ರಿತರಾಗಿ ಬಂದ ಹಿರಿಯರಿಗೆ ಫೆಡರಲ್ ಸರ್ಕಾರ ಎಸ್‌ಎಸ್‌ಐ ಅನ್ನುವ ಮಾಸಾಶನ ಕೊಡುತ್ತದೆ. ಆದರೆ ಏಳು ವರ್ಷ ಮಾತ್ರ. ಅಷ್ಟರೊಳಗೆ ಅಮೆರಿಕದ ಪ್ರಜೆ ಆಗದಿದ್ದರೆ ದುಡ್ಡು ನಿಲ್ಲುತ್ತದೆ. ಗ್ರೀನ್ ಕಾರ್ಡಿನ ಮೇಲೆ ಮುಂದುವರಿಸಬೇಕಾದರೆ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆಯ ಲೆಕ್ಕ ಇರಬೇಕು. ಎಪ್ಪತ್ತು ದಾಟಿ ಬಂದವರು ಎಲ್ಲಿಂದ ತರುತ್ತಾರೆ? ಅದೆಯ್ ಅವರ ಏಳು ವರ್ಷ 2019ರ ಜೂನ್‌ಗೆ ಮುಗಿಯುತ್ತಿತ್ತು.

ಪ್ರಜೆ ಆಗಲು ಪರೀಕ್ಷೆ ಇದೆ. ಸ್ವಲ್ಪ ಇಂಗ್ಲಿಷ್ ಓದಬೇಕು, ಬರೆಯಬೇಕು. ಇತಿಹಾಸ, ಸರ್ಕಾರದ ಬಗ್ಗೆ ಆಗ 100 ಪ್ರಶ್ನೆಗಳ ಪಟ್ಟಿ ಇತ್ತು, ಅದರಲ್ಲಿ ಹತ್ತು ಕೇಳಿ ಆರಕ್ಕೆ ಸರಿ ಉತ್ತರ ಬೇಕಿತ್ತು. ವಯಸ್ಸಾದವರಿಗೆ ರಿಯಾಯಿತಿ ಇದೆ, ಆದರೆ ಅದಕ್ಕೆ 15 ಅಥವಾ 20 ವರ್ಷ ಗ್ರೀನ್ ಕಾರ್ಡ್ ಇಟ್ಟುಕೊಂಡಿರಬೇಕು. ಇನ್ನುಳಿದ ದಾರಿ ಎನ್-648 ಅನ್ನುವ ಫಾರಂ. ಈ ವ್ಯಕ್ತಿಗೆ ಕಾಯಿಲೆಯಿಂದಾಗಿ ಕಲಿಯುವುದು ಸಾಧ್ಯವಿಲ್ಲ ಅಂತ ಡಾಕ್ಟರ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬರೆದುಕೊಡಬೇಕು. ಯಾವ ಕಾಯಿಲೆ, ಅದರಿಂದ ಕಲಿಕೆಗೆ ಹೇಗೆ ಅಡ್ಡಿ ಅಂತ ವಿವರಿಸಬೇಕು. ವಯಸ್ಸಾಗಿದೆ, ಅಕ್ಷರ ಬರುವುದಿಲ್ಲ ಅನ್ನುವುದು ಕಾರಣ ಆಗುವುದಿಲ್ಲ.

ಮೇ ತಿಂಗಳಲ್ಲಿ ಮಗ ನನ್ನ ಮುಂದೆ ಒಂದು ಎನ್-648 ಇಟ್ಟ. ಭರ್ತಿ ಆಗಿತ್ತು, ಡಾಕ್ಟರ ಸಹಿ ಬಿದ್ದಿತ್ತು. ಕಾರಣ: ಮಧ್ಯಮ ಹಂತದ ಡಿಮೆನ್ಷಿಯಾ. ‘ಇವತ್ತೇ ಕಳಿಸೋಣ ಮೇಡಂ. ಈಗಲೇ ತಡ ಆಗಿದೆ’ ಅಂದ.

ಆ ಡಿಮೆನ್ಷಿಯಾ ಎಲ್ಲಿಂದ ಬಂತು ಅಂತ ನೋಡಿದೆ. ಆಸ್ಪತ್ರೆಯಲ್ಲಿ ಮಾಡಿದ ಮೋಕಾ ಅನ್ನುವ, ನೆನಪು, ಯೋಚನಾಶಕ್ತಿ ಅಳೆಯುವ ಪರೀಕ್ಷೆ. 30ಕ್ಕೆ 9 ಅಂಕ. ಇಂಗ್ಲಿಷ್ ಹಾಳೆ, ಅಮ್ಹಾರಿಕ್ ದುಭಾಷಿ, ಕೇಳಿಸದ ಕಿವಿ. ಗಡಿಯಾರ ಬರೆದು ಹನ್ನೊಂದು ಹತ್ತು ತೋರಿಸಿ ಅಂತ ಪೆನ್ನು ಕೊಟ್ಟಿದ್ದರು. ಪೆನ್ನು ಹಿಡಿದೇ ಗೊತ್ತಿಲ್ಲದವರಿಗೆ! ಮೂರು ಪ್ರಾಣಿಗಳ ಚಿತ್ರ ಇರುತ್ತದೆ, ಸಿಂಹ, ಘೇಂಡಾಮೃಗ, ಒಂಟೆ. ಅದೆಯ್ ಒಂಟೆಯನ್ನು ಮಾತ್ರ ಹೇಳಿದ್ದರು. ಸೋಮವಾರದ ಸಂತೆಯಲ್ಲಿ ದಿನವಿಡೀ ನೋಡಿದ ಪ್ರಾಣಿ ಅದು.

ನಾನು ಮಗನಿಗೆ ಹೇಳಿದೆ: ‘ಸ್ವಲ್ಪ ನಿಲ್ಲಿ. ಇದು ನಿಜವಾ ಅಂತ ಮೊದಲು ನೋಡೋಣ.’

ಅವನು ನನ್ನನ್ನು ನೋಡಿದ ರೀತಿ ಮರೆತಿಲ್ಲ. ಅವನ ಕಡೆಯಿಂದ ನೋಡಿದರೆ, ಡಾಕ್ಟರೇ ಬರೆದುಕೊಟ್ಟಿದ್ದಾರೆ, ಅದರಿಂದ ಅಮ್ಮನಿಗೆ ಒಳ್ಳೆಯದೇ ಆಗುತ್ತದೆ, ಮಧ್ಯೆ ಇವಳು ಯಾರು? ನಾನೂ ಎರಡು ರಾತ್ರಿ ಅದನ್ನೇ ಯೋಚಿಸಿದೆ. ಸುಳ್ಳು ಅಂತ ಗೊತ್ತಿದ್ದರೆ ಬೇರೆ ಮಾತು. ಇದು ಸುಳ್ಳು ಅಂತಲೂ ಗೊತ್ತಿರಲಿಲ್ಲ, ನಿಜ ಅಂತಲೂ ಗೊತ್ತಿರಲಿಲ್ಲ. ಕಳಿಸಿದ್ದರೆ ಆ ಹಾಳೆ ಅವರ ಜೊತೆ ಜನ್ಮಪೂರ್ತಿ ಇರುತ್ತಿತ್ತು. ಮುಂದೆ ಅದೆಯ್ ಏನು ಹೇಳಿದರೂ, ‘ಡಿಮೆನ್ಷಿಯಾ ಅಲ್ವಾ, ಬಿಡಿ’. ಮಂಕಿಗೆ ಬೇರೆ ಕಾರಣ ಇದ್ದರೆ ಅದನ್ನು ಯಾರೂ ಹುಡುಕುತ್ತಿರಲಿಲ್ಲ. ಮಗ ಕೊನೆಗೆ ಒಪ್ಪಿದ. ನನ್ನ ಮಾತಿಗೆ ಅಲ್ಲ. ಅವನ ಹೆಂಡತಿ ಅಂದಳು, ‘ನಿನ್ನ ಅಮ್ಮನಿಗೆ ಯಾವ ಡಿಮೆನ್ಷಿಯಾ? ಹೋದ ವರ್ಷದ ಸಂತೆ ಸಾಮಾನಿನ ಬೆಲೆ ನನಗಿಂತ ಚೆನ್ನಾಗಿ ಹೇಳ್ತಾರೆ.’

ಬೇರೆ ಕಡೆ ವೃದ್ಧರ ವಿಭಾಗದಲ್ಲಿ ಸಮಯ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಅಲ್ಲಿ ಬಳಸಿದ್ದು ರುಡಾಸ್ ಅನ್ನುವ ಪರೀಕ್ಷೆ. ಸಿಡ್ನಿಯಲ್ಲಿ, ಬೇರೆ ಬೇರೆ ಭಾಷೆಯ ವಲಸಿಗರಿಗಾಗಿಯೇ ತಯಾರಾದದ್ದು. ಅಕ್ಷರದ ಹಂಗು ಕಡಿಮೆ. ಸಿಗ್ನಲ್ ಇಲ್ಲದ ಜನನಿಬಿಡ ರಸ್ತೆ ಹೇಗೆ ದಾಟುತ್ತೀರಿ ಅಂತ ಕೇಳುತ್ತಾರೆ. ಅಂಗಡಿಯಿಂದ ತರಬೇಕಾದ ನಾಲ್ಕು ಸಾಮಾನು ಹೇಳಿ, ಸ್ವಲ್ಪ ಹೊತ್ತಾದ ಮೇಲೆ ನೆನಪಿದೆಯಾ ಅಂತ ಕೇಳುತ್ತಾರೆ: ಟೀ, ಅಡುಗೆ ಎಣ್ಣೆ, ಮೊಟ್ಟೆ, ಸೋಪು. ಅದೆಯ್ ಹೆಡ್‌ಫೋನ್ ಸರಿಮಾಡಿಕೊಂಡು ಹೇಳಿದರು: ‘ಟೀ, ಎಣ್ಣೆ, ಸೋಪು. ಮೊಟ್ಟೆ ಬೇಡ, ಇವತ್ತು ಶುಕ್ರವಾರ.’ ಬುಧವಾರ, ಶುಕ್ರವಾರ ಅವರಿಗೆ ಒಪ್ಪತ್ತು. ಮೊಟ್ಟೆ, ಹಾಲು, ಮಾಂಸ ಮುಟ್ಟುವಂತಿಲ್ಲ. ಡಾಕ್ಟರು ನಕ್ಕು ಪೂರ್ತಿ ಅಂಕ ಕೊಟ್ಟರು. ಘನದ ಚಿತ್ರ ನೋಡಿ ಬರೆಯುವುದರಲ್ಲಿ ಹೋಯಿತು. ಒಟ್ಟು 30ಕ್ಕೆ 24. ಅಲ್ಲಿ 22 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುಮಾನ.

ಡಿಮೆನ್ಷಿಯಾ ಇರಲಿಲ್ಲ. ಅಂದರೆ ಫಾರಂ ಕೂಡ ಇರಲಿಲ್ಲ. ಮಗ ಕಾರಿನಲ್ಲಿ ಒಂದೂ ಮಾತಾಡಲಿಲ್ಲ.

ಆಮೇಲೆ ಸೈಕಾಲಜಿಸ್ಟ್ ಹತ್ತಿರ ಮೂರು ಸಲ ಕೂತರು. ಅದೇ ನಂಬರಿನ ದುಭಾಷಿ ಬೇಕು ಅಂತ ಕೇಳಿ ಹಿಡಿದುಕೊಂಡೆವು. ಎರಡನೇ ಸಲ 1970ರ ಮಾತು ಬಂತು. ಆ ಡಿಸೆಂಬರ್ ಒಂದರಂದು ಇಥಿಯೋಪಿಯಾದ ಸೈನ್ಯ ಕೆರೆನ್ ಪಕ್ಕದ ಓನ ಅನ್ನುವ ಹಳ್ಳಿಯನ್ನು ಸುಟ್ಟಿತು, ನೂರಾರು ಜನ ಸತ್ತರು. ಕೆರೆನ್‌ಗೆ ಹೊಗೆ ಕಾಣುತ್ತಿತ್ತು. ಆ ಸಂಜೆ ಅದೆಯ್ ಅಲ್ಲಿಗೆ ಯಾರನ್ನು ಹುಡುಕಿಕೊಂಡು ಹೋದರು, ಏನು ನೋಡಿದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಸೈನಿಕರು ಕೂಗಾಡುತ್ತಿದ್ದ ಭಾಷೆ ಅಮ್ಹಾರಿಕ್. ಅದನ್ನು ಮಾತ್ರ ಬರೆಯುತ್ತೇನೆ. ಮಗನಿಗೂ ಈ ಕಥೆ ಗೊತ್ತಿರಲಿಲ್ಲ.

ಸೈಕಾಲಜಿಸ್ಟ್ ಬರೆದದ್ದು ಆಘಾತದ ನಂತರದ ಮಾನಸಿಕ ಕಾಯಿಲೆ, ಜೊತೆಗೆ ತೀವ್ರ ಖಿನ್ನತೆ. ಹೊಸದನ್ನು ತಲೆಯಲ್ಲಿ ಹಿಡಿದಿಡುವುದು ಇದರಿಂದ ಹೇಗೆ ಕಷ್ಟ ಅಂತ ನಾಲ್ಕು ಪ್ಯಾರಾದಲ್ಲಿ ವಿವರಿಸಿದರು. ಹೊಸ ಎನ್-648 ಜೊತೆ ಪೌರತ್ವದ ಅರ್ಜಿ ಹೋದದ್ದು 2018ರ ನವೆಂಬರಿನಲ್ಲಿ. ಎಸ್‌ಎಸ್‌ಐ ಪಡೆಯುವವರಾದ್ದರಿಂದ 640 ಡಾಲರ್ ಶುಲ್ಕ ಮಾಫಿ ಆಯಿತು.

ಬಚ್ಚಲು, ಬುಧವಾರ, ಉಪವಾಸ

ಈ ನಡುವೆ ಮನೆಯ ಆರೈಕೆಯ ಕೆಲಸವೂ ನಡೆದಿತ್ತು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ಯೋಜನೆ) ಕಡೆಯಿಂದ ಮನೆಯವರೇ ಆರೈಕೆ ಮಾಡಿ ಸಂಬಳ ಪಡೆಯಬಹುದು. ಸೊಸೆಗೂ ಆಗುತ್ತದೆ. ಎಷ್ಟು ಗಂಟೆ ಅಂತ ತೀರ್ಮಾನಿಸಲು ರಾಜ್ಯದವರು ಮನೆಗೆ ಬಂದು ಪ್ರಶ್ನೆ ಕೇಳುತ್ತಾರೆ. ಮೊದಲ ಸಲ, ‘ನೀವೇ ಸ್ನಾನ ಮಾಡುತ್ತೀರಾ?’ ಅಂದದ್ದಕ್ಕೆ ಅದೆಯ್ ಬೆನ್ನು ನೆಟ್ಟಗೆ ಮಾಡಿ ‘ಹೌದು, ತೆಮೆಸ್ಗೆನ್’ ಅಂದರು. ಪರರ ಮುಂದೆ ಕೈಲಾಗುವುದಿಲ್ಲ ಅಂತ ಯಾವ ಹಿರಿಯರು ಹೇಳುತ್ತಾರೆ? ಗಂಟೆ ತೀರ ಕಡಿಮೆ ಬಂತು. ಮರುಪರಿಶೀಲನೆಗೆ ಕೇಳಿದೆವು. ಎರಡನೇ ಸಲ ಬಂದವರು ಚುರುಕು. ‘ಎಲ್ಲಿ ಸ್ನಾನ ಮಾಡುತ್ತೀರಿ, ತೋರಿಸಿ’ ಅಂದರು. ಬಾತ್‌ಟಬ್ಬಿನ ಅಂಚು ದಾಟಲು ಅದೆಯ್‌ಗೆ ಆಗುತ್ತಿರಲಿಲ್ಲ. ಕಮೋಡಿನ ಪಕ್ಕ ನೆಲದ ಮೇಲೆ ಒಂದು ಪ್ಲಾಸ್ಟಿಕ್ ಬಕೆಟ್ಟು, ಒಂದು ಚೊಂಬು. ಒರಗಿಕೊಳ್ಳಲು ಗೋಡೆ. ಕೂತರೆ ಏಳಲು ಅರ್ಧ ಗಂಟೆ. ಗಂಟೆಗಳು ಹೆಚ್ಚು ಕಮ್ಮಿ ಎರಡರಷ್ಟಾದವು. ಸೊಸೆ ಹೋಟೆಲಿನ ಕೆಲಸ ಅರ್ಧಕ್ಕೆ ಇಳಿಸಿದಳು.

ಕಾಫಿಯ ವಿಷಯದಲ್ಲಿ ನಾನು ಮಾಡಿದ ಎಡವಟ್ಟು ಹೇಳಲೇಬೇಕು. 2019ರ ಫೆಬ್ರವರಿಯಲ್ಲಿ, ಅಕ್ಕಪಕ್ಕದ ಏಳೆಂಟು ಎರಿಟ್ರಿಯಾದ ಹಿರಿಯರನ್ನು ಸೇರಿಸಿ ವಾರಕ್ಕೊಮ್ಮೆ ಕೂರಿಸೋಣ ಅಂತ ಹೊರಟೆ. ಹಾಲ್ ಬುಧವಾರ ಖಾಲಿ ಇತ್ತು. ಮಧ್ಯಾಹ್ನ ಹನ್ನೆರಡಕ್ಕೆ ಖಾರದ ಕೋಳಿ ಸಾರು, ತೈತಾ (ನಮ್ಮ ನೀರುದೋಸೆಗಿಂತ ದಪ್ಪ, ಹುಳಿ ಬರಿಸಿದ ಹಿಟ್ಟಿನದ್ದು) ತರಿಸಿದ್ದೆ. ಎಲ್ಲರೂ ಬಂದರು, ಕೂತರು, ಯಾರೂ ಮುಟ್ಟಲಿಲ್ಲ. ಬುಧವಾರ! ಅಕ್ಟೋಬರಿನಲ್ಲಿ ಮೊಟ್ಟೆಯ ಮಾತು ಕೇಳಿ ನಕ್ಕವಳು ನಾನೇ ಅಲ್ವಾ? ಒಬ್ಬ ಅಜ್ಜಿ ನನ್ನ ಕೈ ತಟ್ಟಿ ಸಮಾಧಾನ ಮಾಡಿದರು. ಮುಂದಿನ ವಾರದಿಂದ ಗುರುವಾರ ಆಯಿತು. ಜೆಬೆನಾ ಅದೆಯ್ ಮನೆಯಿಂದಲೇ ಬಂತು. ಹುರಿಯುವ ಬಾಣಲೆ ಹಿಡಿದು ಅವರು ಒಬ್ಬೊಬ್ಬರ ಮುಂದೆ ಹೋಗುವಾಗ ಬೆನ್ನು ಬಗ್ಗಿರುತ್ತಿರಲಿಲ್ಲ.

ಇನ್ನು ‘ಹೇಳಿದ ಮಾತು ಕೇಳುವುದಿಲ್ಲ’ ಅನ್ನುವುದು. 2018ರ ಮಾರ್ಚ್‌ನಲ್ಲಿ ಅವರು ಬಿದ್ದದ್ದು ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದಲ್ಲಿ. 55 ದಿನ. ಮಧ್ಯಾಹ್ನ ಮೂರರವರೆಗೆ ನೀರು ಕೂಡ ಇಲ್ಲ. ಡಾಕ್ಟರು ಬೆಳಿಗ್ಗೆ ತೆಗೆದುಕೊಳ್ಳಿ ಅಂದ ಸಕ್ಕರೆ ಮಾತ್ರೆಯನ್ನು ಅದೆಯ್ ಒಂದು ದಿನವೂ ತಪ್ಪಿಸಿರಲಿಲ್ಲ. ಬರಿ ಹೊಟ್ಟೆಗೆ ಆ ಮಾತ್ರೆ, ಊಟ ಮೂರಕ್ಕೆ. ಮಾತು ಕೇಳಿದ್ದಕ್ಕೇ ಬಿದ್ದರು.

2019ರ ಉಪವಾಸ ಮಾರ್ಚ್ 4ಕ್ಕೆ ಶುರುವಾಗುತ್ತಿತ್ತು. ‘ಉಪವಾಸ ಬಿಡಿ’ ಅಂತ ನಾನು ಹೇಳಲಿಲ್ಲ, ಅದು ನನ್ನ ಮಾತಲ್ಲ. ಅವರ ಅಬೊ ನೆಫ್ಸಿ, ಅಂದರೆ ಪಾಪನಿವೇದನೆ ಕೇಳುವ ಪಾದ್ರಿ, ಫೋನಿನಲ್ಲಿ ಸಿಕ್ಕರು. ಕಾಯಿಲೆಯವರಿಗೆ ಉಪವಾಸ ಕಡ್ಡಾಯ ಅಲ್ಲ ಅಂತ ಅವರೇ ಹೇಳಿದರು. ಅದೆಯ್ ತಲೆ ಆಡಿಸಿದರು, ಒಪ್ಪಲಿಲ್ಲ. ಯುದ್ಧದಲ್ಲೂ ಬಿಟ್ಟಿಲ್ಲವಂತೆ. ಎರಡು ವಾರ ಹಗ್ಗ ಜಗ್ಗಾಟ. ಕೊನೆಗೆ ಸಿಕ್ಕಿದ ದಾರಿ: ಮಾಂಸ, ಹಾಲು, ಮೊಟ್ಟೆ 55 ದಿನವೂ ಇಲ್ಲ, ಆದರೆ ಬೆಳಿಗ್ಗೆ ಕಡಲೆ ಹಿಟ್ಟಿನ ಶಿರೊ ಜೊತೆ ಒಂದು ತುಂಡು ತೈತಾ. ಡಾಕ್ಟರು ಸಕ್ಕರೆಯನ್ನು ಅಷ್ಟು ಕೆಳಗೆ ಇಳಿಸದ ಬೇರೆ ಮಾತ್ರೆ ಕೊಟ್ಟರು. ಶುಭ ಶುಕ್ರವಾರ ಮಾತ್ರ ಯಾರ ಮಾತೂ ಕೇಳಲಿಲ್ಲ. ಆವತ್ತು ಸೊಸೆ ಮೂರು ಸಲ ಸಕ್ಕರೆ ನೋಡಿದಳು. ಬೀಳಲಿಲ್ಲ.

ಏನಾಯಿತು

2019ರ ಜೂನ್ ಮುಗಿಯಿತು. ಸಂದರ್ಶನದ ಪತ್ರ ಬಂದಿರಲಿಲ್ಲ. ಜುಲೈಯಿಂದ ಎಸ್‌ಎಸ್‌ಐ ನಿಂತಿತು. ಆಗ ಪೂರ್ತಿ ದರ ತಿಂಗಳಿಗೆ 771 ಡಾಲರ್. ಮಗನ ಮನೆಯಲ್ಲಿ ಊಟ, ವಾಸ ಅಂತ ಮೂರನೇ ಒಂದು ಭಾಗ ಕಳೆದು ಅದೆಯ್‌ಗೆ ಬರುತ್ತಿದ್ದದ್ದು 514. ಸೆಪ್ಟೆಂಬರಿನಲ್ಲಿ ಸಂದರ್ಶನ, ತಿಗ್ರಿನ್ಯಾದಲ್ಲೇ. ಫಾರಂ ಒಪ್ಪಿಗೆ ಆಯಿತು. ನವೆಂಬರಿನಲ್ಲಿ ಪ್ರಮಾಣವಚನ. ಡಿಸೆಂಬರಿನಿಂದ ದುಡ್ಡು ಮತ್ತೆ ಬಂತು. ಐದು ತಿಂಗಳು, 2,570 ಡಾಲರ್ ಹೋಯಿತು. ಮೇ ತಿಂಗಳಲ್ಲೇ ಆ ಮೊದಲ ಫಾರಂ ಕಳಿಸಿದ್ದರೆ ಬಹುಶಃ ಹೋಗುತ್ತಿರಲಿಲ್ಲ. ಮಗ ಐದು ತಿಂಗಳು ಶನಿವಾರವೂ ಪಾಳಿ ಮಾಡಿದ.

ನಾನು ಮಾಡಿದ್ದು ಸರಿಯಾ? ಖಿನ್ನತೆಗೆ ಚಿಕಿತ್ಸೆ ಸಿಕ್ಕಿತು, ರಾತ್ರಿ ನಿದ್ದೆ ಬಂತು, ಕಿವಿಗೆ ಯಂತ್ರ ಬಂತು. ಇದೆಲ್ಲ ಆ ಹಾಳೆಯ ಕೆಳಗೆ ಹೂತು ಹೋಗುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಆ 2,570 ಡಾಲರ್ ನನ್ನ ಸಂಬಳದಿಂದ ಹೋಗಲಿಲ್ಲ. ಅಕ್ಟೋಬರಿನವರೆಗೆ ಕಾದದ್ದು ತಪ್ಪು ಅಂತ ಒಪ್ಪುತ್ತೇನೆ. ಸೈಕಾಲಜಿಸ್ಟ್ ಹತ್ತಿರ ಜೂನ್‌ನಲ್ಲೇ ಕಳಿಸಬಹುದಿತ್ತು. ಡಿಮೆನ್ಷಿಯಾ ಹೌದೋ ಅಲ್ಲವೋ ಅನ್ನುವ ಒಂದೇ ಪ್ರಶ್ನೆಗೆ ಜೋತು ಬಿದ್ದು, ‘ಅಲ್ಲದಿದ್ದರೆ ಮತ್ತೇನು’ ಅನ್ನುವುದನ್ನು ತಡವಾಗಿ ಕೇಳಿದೆ.

ಈಗ ಹೊಸ ಕೇಸು ಬಂದರೆ ಮೊದಲ ವಾರದಲ್ಲೇ ಅಮೆರಿಕಕ್ಕೆ ಬಂದ ದಿನಾಂಕ ಕೇಳಿ, ಅದಕ್ಕೆ ಏಳು ವರ್ಷ ಕೂಡಿಸಿ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ದುಭಾಷಿ ಯಾವ ಭಾಷೆ ಅನ್ನುವುದರ ಜೊತೆ, ‘ಊರಿನವರು ಬೇಕಾ, ದೂರದವರು ಬೇಕಾ, ಗಂಡಸಾ ಹೆಂಗಸಾ’ ಅಂತ ಒಬ್ಬರನ್ನೇ ಕೂರಿಸಿ ಕೇಳುತ್ತೇನೆ. ಆಂಪ್ಲಿಫೈಯರ್ ನನ್ನ ಚೀಲದಲ್ಲೇ ಇರುತ್ತದೆ. ಹುಟ್ಟಿದ ದಿನ ಜನವರಿ 1 ಅಂತ ಇದ್ದರೆ, ‘ನೀವು ಹುಟ್ಟಿದಾಗ ಊರಲ್ಲಿ ಏನು ನಡೆದಿತ್ತು?’ ಅನ್ನುತ್ತೇನೆ. ಹೆಸರಿನ ವಿಷಯವೂ ಅಷ್ಟೇ. ಎರಿಟ್ರಿಯಾದವರಿಗೆ ಮನೆತನದ ಹೆಸರಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು. ಮದುವೆ ಆದರೂ ಹೆಂಗಸಿನ ಹೆಸರು ಬದಲಾಗುವುದಿಲ್ಲ. ತಾಯಿ, ಮಗನ ಕೊನೆಯ ಹೆಸರು ಬೇರೆ ಬೇರೆ ಇರುತ್ತದೆ, ಆಸ್ಪತ್ರೆಯ ಕೌಂಟರಿನಲ್ಲಿ ‘ನೀವು ಯಾರು?’ ಅಂತ ಮಗನನ್ನೇ ತಡೆಯುತ್ತಾರೆ. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಇನಿಷಿಯಲ್ ಮಾಡಿಕೊಂಡು ಬಂದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಗೆಹರಿಯದ್ದೂ ಇದೆ. ಕಿವಿಯ ಯಂತ್ರವನ್ನು ಅದೆಯ್ ಗುರುವಾರ ಮಾತ್ರ ಹಾಕುತ್ತಾರೆ, ಮಿಕ್ಕ ದಿನ ಅದು ಡ್ರಾಯರಿನಲ್ಲಿ. ಮೊಮ್ಮಕ್ಕಳು ತಿಗ್ರಿನ್ಯಾ ಕಲಿಯಲಿಲ್ಲ.

ಇನ್ನೊಂದು, ಮಣ್ಣು. ಪ್ರಮಾಣವಚನ ಮುಗಿಸಿ ಕೈಯಲ್ಲಿ ಪುಟ್ಟ ಬಾವುಟ ಹಿಡಿದು ಕಾರಿನಲ್ಲಿ ಕೂತಾಗ ಅದೆಯ್ ಕೇಳಿದ್ದು, ತಮ್ಮನ್ನು ಕೆರೆನ್‌ಗೆ ಯಾರು ಒಯ್ಯುತ್ತಾರೆ ಅಂತ. ದೇಹ ಕಳಿಸಬೇಕಾದರೆ ಎರಿಟ್ರಿಯಾದ ಕಚೇರಿಯ ಬಾಗಿಲು ತಟ್ಟಬೇಕು. ಸೇವೆಯಿಂದ ಓಡಿಬಂದ ಮಗ ಆ ಬಾಗಿಲ ಹತ್ತಿರ ಹೋಗುವುದಿಲ್ಲ. ಕನ್ನಡಿಯಲ್ಲಿ ತಾಯಿಯ ಮುಖ ನೋಡಿ, ಸುಮ್ನೆ ಗಾಡಿ ಓಡಿಸಿದ. ಮಾರನೇ ವಾರ ಅವನು ಚರ್ಚಿನ ಮಹ್ಬೆರ್ ಸೇರಿದ. ಯಾರಾದರೂ ತೀರಿಕೊಂಡರೆ ಮಣ್ಣಿನ ಖರ್ಚು ನೋಡಿಕೊಳ್ಳುವ ಸಂಘ ಅದು, ತಿಂಗಳಿಗೆ ಇಷ್ಟು ಅಂತ ಕಂತು. ಗುರುವಾರ ನಾನು ಬಾಗಿಲು ತೆಗೆಯುವಷ್ಟರಲ್ಲಿ ಅದೆಯ್ ಬೀಜ ಆರಿಸುತ್ತಾ ಕೂತಿರುತ್ತಿದ್ದರು. ತಲೆ ಎತ್ತದೆ ಮೊದಲು ಕೇಳುತ್ತಿದ್ದದ್ದು, ಈ ತಿಂಗಳ ಕಂತನ್ನು ಅವನು ಕಟ್ಟಿದನಾ ಅಂತ.